ಅಕ್ಕನ ಮೂರು ಚಕ್ರದ ಗಾಡಿ: ಮೋಟಾರಿಗಿಂತ ಮೊದಲು ಅಳೆಯಬೇಕಾದದ್ದು ಏನು?

ಲೇತ್ ಮನೆ, ಮಂಡ್ಯ

ನಮಸ್ಕಾರ. ನಾನು ಮಂಡ್ಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇತ್ ಮತ್ತು ವೆಲ್ಡಿಂಗ್ ಕೆಲಸ ಮಾಡಿಕೊಂಡು ಬಂದವನು. ಟ್ರ್ಯಾಕ್ಟರ್ ಟ್ರೈಲರಿನ ಕೊಂಡಿ, ಆಲೆಮನೆಯ ಗಾಣದ ಶಾಫ್ಟು, ಎತ್ತಿನ ಗಾಡಿಯ ಅಚ್ಚು ಇವು ನನ್ನ ನಿತ್ಯದ ಕೆಲಸಗಳು. ಕಬ್ಬಿಣ ಕೈಗೆ ಒಗ್ಗಿದೆ ಎಂಬ ಧೈರ್ಯದಲ್ಲಿ ಅಕ್ಕನಿಗೆ ಒಂದು ಗಾಡಿ ಮಾಡಿಕೊಡಲು ಹೊರಟು, ಅವಳನ್ನು ಬೀಳಿಸಿದ್ದೇನೆ. ಎರಡನೆಯ ಸಲ ತಪ್ಪಬಾರದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನಿಗೆ 54 ವರ್ಷ. ಎರಡು ವರ್ಷದ ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲುಗಳ ಶಕ್ತಿ ಹೋಯಿತು. ಪಾಂಡವಪುರ ತಾಲ್ಲೂಕಿನ ನಮ್ಮ ಊರಿನಲ್ಲಿ, ಮನೆಯ ಜಗುಲಿಗೆ ಸೇರಿಸಿ ಕಟ್ಟಿದ ಚಿಲ್ಲರೆ ಅಂಗಡಿಯನ್ನು ಮೂವತ್ತು ವರ್ಷಗಳಿಂದ ಅವಳೇ ನಡೆಸುತ್ತಿದ್ದಾಳೆ. ಮನೆಯೊಳಗೆ ಕೈಗಳ ಮೇಲೆ ಭಾರ ಹಾಕಿ ನೆಲದಲ್ಲಿ ಸರಿದುಕೊಂಡು ಓಡಾಡುತ್ತಾಳೆ. ಹೊರಗೆ ಹೋಗಲು ಕೈಯಿಂದ ತಿರುಗಿಸುವ ಮೂರು ಚಕ್ರದ ಸೈಕಲ್ಲಿದೆ. ಬಲಗೈಗೆ ಹಿಡಿ, ಅಲ್ಲಿಂದ ಚೈನು, ಬಲಗಡೆಯ ಹಿಂಚಕ್ರಕ್ಕೆ ಮಾತ್ರ ಎಳೆತ. ಎರಡು ವರ್ಷಗಳಿಂದ ಅವಳ ಬಲಭುಜ ಕೆಟ್ಟಿದೆ. ಕೈ ಮೇಲೆತ್ತಿ ತನ್ನ ಜಡೆ ತಾನು ಹೆಣೆದುಕೊಳ್ಳಲಾರಳು, ಈಗ ಮಗಳು ಹೆಣೆಯುತ್ತಾಳೆ.

ಹೋದ ವರ್ಷ ನಾನು ಆ ಸೈಕಲ್ಲಿನ ಚೈನು ತೆಗೆದು, ಮುಂದಿನ ಚಕ್ರಕ್ಕೆ ಹಬ್ ಮೋಟಾರು (ಚಕ್ರದ ನಡುವೆಯೇ ಕೂರುವ ಮೋಟಾರು) ಹಾಕಿ, ಸೀಟಿನ ಕೆಳಗೆ ಎರಡು ಲೆಡ್ ಆಸಿಡ್ ಬ್ಯಾಟರಿಗಳನ್ನು ಕೂರಿಸಿದೆ. ಗಾಡಿ ಚೆನ್ನಾಗಿಯೇ ಓಡಿತು. ಮೂರನೆಯ ವಾರ ನಾಲೆ ಏರಿಯಿಂದ ಊರಿನ ಕಡೆಗೆ ಇಳಿಯುವ ಎಡ ತಿರುವಿನಲ್ಲಿ ಅಕ್ಕ ಬ್ರೇಕ್ ಹಿಡಿದಳು, ಗಾಡಿ ಬಲಕ್ಕೆ ಮಗುಚಿತು. ಮೊಣಕೈ ಚರ್ಮ ಕಿತ್ತು ಬಂತು, ಮುಂಗೈ ಮೂಳೆ ಬಿರುಕು ಬಿಟ್ಟಿತು. ಕೈಯೇ ಕಾಲಾಗಿರುವವರಿಗೆ ಕೈ ಮುರಿಯುವುದು ಎಂದರೆ ಏನು ಎನ್ನುವುದನ್ನು ಆ ಆರು ವಾರ ಕಣ್ಣಾರೆ ನೋಡಿದೆ.

ಅಳತೆಗಳು ಹೀಗಿವೆ: ಹಿಂಚಕ್ರಗಳ ನಡುವೆ 70 ಸೆಂ.ಮೀ., ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ 110 ಸೆಂ.ಮೀ., ನೆಲದಿಂದ ಸೀಟಿನ ಎತ್ತರ 58 ಸೆಂ.ಮೀ. ಅಕ್ಕನ ತೂಕ 62 ಕೆ.ಜಿ., ಬ್ಯಾಟರಿ ಸೇರಿ ಗಾಡಿ 60 ಕೆ.ಜಿ., ಅಂಗಡಿ ಸಾಮಾನು 8 ಕೆ.ಜಿ. ಎಂದಿಟ್ಟುಕೊಳ್ಳಿ. ಅಗಲ ಹೆಚ್ಚಿಸಬೇಕೆ, ನಾಲ್ಕು ಚಕ್ರ ಹಾಕಬೇಕೆ, ದೊಡ್ಡ ಮೋಟಾರು ಬೇಕೆ? ತಿಳಿದವರು ದಯವಿಟ್ಟು ಹೇಳಬೇಕು.

ಯಂತ್ರಶಾಸ್ತ್ರದ ಮೇಷ್ಟ್ರು, ಮೈಸೂರು

ತಾವು ಅಳತೆಗಳನ್ನು ಇಷ್ಟು ಸ್ಪಷ್ಟವಾಗಿ ಕೊಟ್ಟಿರುವುದರಿಂದ ಲೆಕ್ಕ ಹಾಕಲು ಸಾಧ್ಯವಾಯಿತು. ಗಾಡಿ ಬಿದ್ದದ್ದು ಅಕ್ಕನವರ ತಪ್ಪಿನಿಂದಲ್ಲ, ತಮ್ಮ ವೆಲ್ಡಿಂಗಿನಿಂದಲೂ ಅಲ್ಲ. ಆ ಆಕಾರದ ಗಾಡಿ ಆ ಜಾಗದಲ್ಲಿ ಬೀಳಲೇಬೇಕಿತ್ತು.

ಕುಳಿತ ಮನುಷ್ಯನ ಭಾರಕೇಂದ್ರ, ಅಂದರೆ ಮೈಭಾರವೆಲ್ಲ ಸೇರಿ ನಿಂತಂತೆ ಎಣಿಸುವ ಬಿಂದು, ಸೀಟಿನಿಂದ ಸುಮಾರು 20ರಿಂದ 25 ಸೆಂ.ಮೀ. ಮೇಲಿರುತ್ತದೆ. ಗಾಡಿಯ ಭಾರವನ್ನೂ ಸೇರಿಸಿ ಸರಾಸರಿ ತೆಗೆದರೆ ತಮ್ಮ ಗಾಡಿಯ ಭಾರಕೇಂದ್ರ ನೆಲದಿಂದ ಹತ್ತಿರ ಹತ್ತಿರ 60 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಮೂರು ಚಕ್ರದ ಗಾಡಿ ಪಕ್ಕಕ್ಕೆ ಮಗುಚುವುದು ಹಿಂಚಕ್ರದ ಮೇಲಲ್ಲ, ಮುಂಚಕ್ರದಿಂದ ಹಿಂಚಕ್ರಕ್ಕೆ ಎಳೆದ ಓರೆಗೆರೆಯ ಮೇಲೆ. ಆದ್ದರಿಂದ ಹಿಂದೆ 35 ಸೆಂ.ಮೀ. ಅರ್ಧ ಅಗಲವಿದ್ದರೂ, ಭಾರ ಸ್ವಲ್ಪ ಮುಂದಕ್ಕೆ ಇರುವ ಕಾರಣ ತಮಗೆ ನಿಜವಾಗಿ ಸಿಗುವುದು 24 ಅಥವಾ 25 ಸೆಂ.ಮೀ. ಮಾತ್ರ. ಸಮನಾದ ನೆಲದಲ್ಲಿ 3 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ಗಾಡಿಯ ಒಳಚಕ್ರ ಗಂಟೆಗೆ 12 ಕಿ.ಮೀ. ವೇಗ ದಾಟುತ್ತಿದ್ದಂತೆ ನೆಲ ಬಿಡುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಭಾರವೆಲ್ಲ ಒಂಟಿ ಮುಂಚಕ್ರದ ಕಡೆಗೆ, ಅಂದರೆ ಆಧಾರ ಕಿರಿದಾಗುವ ಕಡೆಗೆ ಹೋಗುವುದರಿಂದ ಅದು 11ಕ್ಕೆ ಇಳಿಯುತ್ತದೆ. ರಸ್ತೆ ತಿರುವಿನ ಹೊರಗಡೆಗೆ ಹತ್ತಕ್ಕೆ ಒಂದರಷ್ಟು ವಾಲಿದ್ದರಂತೂ 9 ಕಿ.ಮೀ. ಸಾಕು. ಅದು ನಿಧಾನವಾಗಿ ತುಳಿಯುವ ಸೈಕಲ್ಲಿನ ವೇಗ.

ಕೈಯಿಂದ ತಿರುಗಿಸುತ್ತಿದ್ದಾಗ ಆ ಗಾಡಿ ಇಷ್ಟು ವರ್ಷ ಬೀಳದೆ ಇದ್ದುದು ಅದರ ವಿನ್ಯಾಸದ ಗುಣದಿಂದಲ್ಲ, ಅಕ್ಕನವರ ತೋಳಿನ ಶಕ್ತಿ ವೇಗಕ್ಕೆ ಹಾಕಿದ್ದ ಮಿತಿಯಿಂದ. ಹಳೆಯ ಚೌಕಟ್ಟಿಗೆ ಮೋಟಾರು ಕೂರಿಸುವಾಗ ನಾವು ಆ ಮಿತಿಯನ್ನು ಮಾತ್ರ ತೆಗೆದುಹಾಕುತ್ತೇವೆ. ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ನಾನು ಪ್ರತಿ ವರ್ಷ ಕಾಣುವ ತಪ್ಪೂ ಇದೇ ಆಗಿರುವುದರಿಂದ ಸ್ವಲ್ಪ ಒತ್ತಿ ಹೇಳುತ್ತಿದ್ದೇನೆ.

ಗಾಲಿ ಗೆಳೆಯ, ಅಗ್ರಹಾರ

ಮೇಷ್ಟ್ರ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಮೂಲ ಪ್ರಶ್ನೆಯನ್ನು ಓದಿದಾಗ ನನಗೆ ಬೇರೆಯೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಅಕ್ಕನವರು ಮನೆಯೊಳಗೆ ನೆಲದ ಮೇಲೆ ಸರಿಯುತ್ತಾರೆ, ಗಾಡಿಯ ಸೀಟು 58 ಸೆಂ.ಮೀ. ಎತ್ತರದಲ್ಲಿದೆ. ಈ 58 ಸೆಂ.ಮೀ. ಅವರು ದಿನಕ್ಕೆ ಎಷ್ಟು ಸಲ ಹತ್ತುತ್ತಾರೆ, ಹೇಗೆ ಹತ್ತುತ್ತಾರೆ?

ನನಗೆ ಹನ್ನೊಂದು ವರ್ಷಗಳ ಹಿಂದೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಮನೆಯಿಂದ ದೇವರಾಜ ಮಾರುಕಟ್ಟೆಗೆ ದೂರವೇನಿಲ್ಲ. ಮೊದಲ ಮೂರು ವರ್ಷ ಅಲ್ಲಿಗೆ ಹೋಗದೆ ಇದ್ದುದಕ್ಕೆ ಕಾರಣ ಮೋಟಾರು ಇಲ್ಲದಿದ್ದದ್ದಲ್ಲ. ಸೈಡ್ ವೀಲ್ ಹಾಕಿದ ಸ್ಕೂಟರು ನನ್ನಲ್ಲಿತ್ತು. ಗಾಲಿಕುರ್ಚಿಯಿಂದ ಸ್ಕೂಟರಿನ ಸೀಟಿಗೆ ಏರಲು ಒಬ್ಬರು ಬೇಕು, ಅಲ್ಲಿ ಇಳಿಯಲು ಒಬ್ಬರು ಬೇಕು, ಇಳಿದ ಮೇಲೆ ಕುರ್ಚಿ ಮನೆಯಲ್ಲಿಯೇ ಉಳಿದಿರುತ್ತದೆ. ಹಾಗಾಗಿ ಸ್ಕೂಟರಿನ ಮೇಲೆ ಕುಳಿತೇ ತರಕಾರಿಯವರನ್ನು ಕೂಗಿ ಕರೆಯಬೇಕಿತ್ತು. ಈಗ ಕುರ್ಚಿಯ ಮುಂದಕ್ಕೆ ಕೊಂಡಿ ಹಾಕಿ ಸೇರಿಸುವ ಮೋಟಾರು ಚಕ್ರ ಇಟ್ಟುಕೊಂಡಿದ್ದೇನೆ. ಮದ್ರಾಸ್ ಐಐಟಿಯಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಬೋಲ್ಟ್ ಈ ಬಗೆಯದು. ರಸ್ತೆಯಲ್ಲಿ ಅದು ವಾಹನ, ಅಂಗಡಿಯ ಬಾಗಿಲಲ್ಲಿ ಕೊಂಡಿ ಕಳಚಿದರೆ ಮತ್ತೆ ಕುರ್ಚಿ. ದೇಹ ಸೀಟಿನಿಂದ ಕದಲುವುದೇ ಇಲ್ಲ.

ಅದು ಅಕ್ಕನವರಿಗೆ ಹೊಂದುತ್ತದೆ ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಅವರು ಕುರ್ಚಿಯಲ್ಲಿ ಬದುಕುವವರಲ್ಲ, ನೆಲದಲ್ಲಿ ಬದುಕುವವರು. ಜೊತೆಗೆ ಒಂದು ಎಚ್ಚರಿಕೆ: ಎಳೆಯುವ ಚಕ್ರ ಮುಂದಿದ್ದು ಮೈಭಾರ ಹಿಂದಿದ್ದರೆ, ಒದ್ದೆ ಏರಿನಲ್ಲಿ ಮುಂಚಕ್ರ ನಿಂತಲ್ಲೇ ತಿರುಗುತ್ತದೆ. ಮಳೆಗಾಲದಲ್ಲಿ ನಾನೇ ಅನುಭವಿಸಿದ್ದೇನೆ. ನಾಲೆ ಏರಿಯ ಕೆಸರಿನಲ್ಲಿ ತಮ್ಮ ಗಾಡಿಯ ಮುಂಚಕ್ರದ ಮೋಟಾರಿಗೂ ಅದೇ ಆಗಿರಬೇಕು.

ಫಿಸಿಯೋಥೆರಪಿಸ್ಟ್, ಸರಸ್ವತಿಪುರಂ

ಹಿಂದಿನವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಲೇತ್ ಮನೆಯವರೇ, ಅಕ್ಕನವರ ಭುಜ ಹಿಡಿ ತಿರುಗಿಸಿ ಮಾತ್ರ ಕೆಟ್ಟಿರುವುದಿಲ್ಲ. ನೆಲದಿಂದ 58 ಸೆಂ.ಮೀ. ಎತ್ತರಕ್ಕೆ ತನ್ನ 62 ಕೆ.ಜಿ. ಭಾರವನ್ನು ತೋಳುಗಳಿಂದಲೇ ಎತ್ತಿಕೊಳ್ಳುವ ಕೆಲಸ ಭುಜದ ಕೀಲಿಗೆ ಅತ್ಯಂತ ಕಠಿಣವಾದದ್ದು. ಪೋಲಿಯೋ ಬಂದವರಲ್ಲಿ ಹಲವರಿಗೆ, ಕಾಯಿಲೆ ವಾಸಿಯಾಗಿ ದಶಕಗಳು ಕಳೆದ ಮೇಲೆ, ಅಷ್ಟು ಕಾಲ ದುಡಿದ ಸ್ನಾಯುಗಳಲ್ಲಿ ಹೊಸದಾಗಿ ನಿಶ್ಶಕ್ತಿ, ದಣಿವು ಮತ್ತು ನೋವು ಕಾಣಿಸಿಕೊಳ್ಳುತ್ತದೆ. ಭಾರತವನ್ನು ಪೋಲಿಯೋ ಮುಕ್ತವೆಂದು 2014ರಲ್ಲಿ ಘೋಷಿಸಲಾಯಿತು ಎನ್ನುವುದು ಸಂತೋಷದ ಸಂಗತಿ, ಆದರೆ ಅದಕ್ಕೂ ಹಿಂದೆ ಕಾಯಿಲೆಗೆ ಸಿಕ್ಕ ಒಂದು ತಲೆಮಾರು ಈಗ ಐವತ್ತು, ಅರವತ್ತರ ಹರೆಯದಲ್ಲಿದ್ದು, ಆ ಎರಡನೆಯ ನಿಶ್ಶಕ್ತಿಯನ್ನು ಎದುರಿಸುತ್ತಿದೆ. ಅಂಥವರಿಗೆ ಅಳತೆಯಿಲ್ಲದೆ ವ್ಯಾಯಾಮ ಹೆಚ್ಚಿಸಿ ಎಂದು ಹೇಳುವುದು ಕೆಡುಕು. ಉಳಿದಿರುವ ಶಕ್ತಿಯನ್ನು ಉಳಿಸಿಕೊಡುವುದೇ ಸಾಧನದ ಕೆಲಸ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿ ಒದಗಿಸುವ ಕುರಿತು ಹೊರತಂದ ಮಾರ್ಗದರ್ಶಿಯಲ್ಲಿ ಎಂಟು ಹಂತಗಳಿವೆ. ಸಾಧನವನ್ನು ಸಿದ್ಧಪಡಿಸುವುದು ಅವುಗಳಲ್ಲಿ ಒಂದು ಮಾತ್ರ. ಅದಕ್ಕೆ ಮೊದಲು ಬಳಸುವವರ ದೇಹ, ಮನೆ ಮತ್ತು ದಿನಚರಿಯನ್ನು ಅಳೆಯಬೇಕು, ಕೊಟ್ಟ ಮೇಲೆ ಕೂರಿಸಿ ಹೊಂದಿಸಬೇಕು, ಕಲಿಸಬೇಕು, ಮತ್ತೆ ಮತ್ತೆ ಹೋಗಿ ನೋಡಬೇಕು. ಶಿಬಿರಗಳಲ್ಲಿ ಒಂದೇ ಅಳತೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಹಂಚುವಾಗ ಬಿಟ್ಟುಹೋಗುವುದು ಈ ಉಳಿದ ಹಂತಗಳೇ.

ನನ್ನ ಸಲಹೆ ಇಷ್ಟು: ಸೀಟನ್ನು 45 ಸೆಂ.ಮೀ. ಒಳಗೆ ತನ್ನಿ. ನೆಲಕ್ಕೂ ಸೀಟಿಗೂ ನಡುವೆ, ಗಾಡಿಗೇ ಬೆಸೆದಂತೆ, ಒಂದು ಮಣೆಯ ಅಗಲದ ಮೆಟ್ಟಿಲು ಕೊಡಿ. ಒಂದು ದೊಡ್ಡ ಎತ್ತುವಿಕೆ ಎರಡು ಸಣ್ಣ ಎತ್ತುವಿಕೆಗಳಾದರೆ ಭುಜಕ್ಕೆ ಬೀಳುವ ಹೊರೆ ಬಹಳ ಇಳಿಯುತ್ತದೆ. ಯಾವ ಪಕ್ಕದಿಂದ ಹತ್ತುತ್ತಾರೋ ಆ ಪಕ್ಕದಲ್ಲಿ ಚಕ್ರವಾಗಲಿ ಕೈಯೊರಗಾಗಲಿ ಅಡ್ಡ ಬರಬಾರದು. ದಯವಿಟ್ಟು ಒಮ್ಮೆ ಪಕ್ಕದಲ್ಲಿ ಕುಳಿತು, ಅವರು ಹತ್ತುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಿ ಬರೆಯಿರಿ.

ಲೇತ್ ಮನೆ, ಮಂಡ್ಯ

ಮೇಡಂ ಹೇಳಿದಂತೆ ಭಾನುವಾರ ಊರಿಗೆ ಹೋಗಿ ನೋಡಿದೆ. ಮಗುಚಿದ ಗಾಡಿಯ ಮೋಟಾರಿನ ತಂತಿ ಬಿಚ್ಚಿ, ನಿಂತಲ್ಲೇ ಹತ್ತಿ ತೋರಿಸಲು ಕೇಳಿಕೊಂಡೆ. ಹುಟ್ಟಿದಂದಿನಿಂದ ಜೊತೆಗಿದ್ದೂ ಇದನ್ನು ನಾನು ಒಂದು ದಿನವೂ ಗಮನವಿಟ್ಟು ನೋಡಿರಲಿಲ್ಲ.

ಅಕ್ಕ ಜಗುಲಿಯ ಅಂಚಿನವರೆಗೆ ಸರಿದು ಬಂದು, ಮೊದಲು ಎರಡೂ ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಕೆಳಗೆ ಇಳಿಬಿಟ್ಟಳು. ಜಗುಲಿಯ ಎತ್ತರ 40 ಸೆಂ.ಮೀ. ಇದೆ. ಗಾಡಿ ಎಡಪಕ್ಕಕ್ಕೆ ತಾಗಿ ನಿಂತಿದ್ದರೂ ನಡುವೆ ದೊಡ್ಡ ಹಿಂಚಕ್ರವಿರುವುದರಿಂದ ಸೀಟು ಒಂದು ಮೊಳ ದೂರವೇ ಉಳಿಯುತ್ತದೆ. ಬಲಗೈಯನ್ನು ಜಗುಲಿಯ ಕಲ್ಲಿಗೆ ಊರಿ, ಎಡಗೈಯಿಂದ ಚಕ್ರದ ಟೈರನ್ನು ಹಿಡಿದಳು. ಬ್ರೇಕ್ ಹಾಕಿದ್ದರೂ ಚಕ್ರ ಎರಡು ಬೆರಳಿನಷ್ಟು ಹಿಂದಕ್ಕೆ ಉರುಳುತ್ತದೆ, ಏಕೆಂದರೆ ಬ್ರೇಕ್ ಇರುವುದು ಮುಂಚಕ್ರಕ್ಕೆ ಮಾತ್ರ ಮತ್ತು ಅದರ ತಂತಿ ಸಡಿಲಾಗಿದೆ. ಆ ಉರುಳುವಿಕೆಗಾಗಿ ಅವಳು ಕಾದು, ಚಕ್ರ ನಿಂತ ಮೇಲೆ ಮೈಯನ್ನು ಒಮ್ಮೆಗೇ ಎತ್ತಿ, ಸೊಂಟವನ್ನು ಚಕ್ರದ ಮೇಲಿಂದ ದಾಟಿಸಿ ಸೀಟಿಗೆ ಬಿದ್ದಳು. ಕೂತಳು ಎಂದು ಬರೆಯಲಾರೆ, ಬಿದ್ದಳು ಎಂದೇ ಬರೆಯಬೇಕು. ಸೀರೆಯ ಅಂಚು ಕಡ್ಡಿಗಳಿಗೆ ಸಿಕ್ಕಿತ್ತು. ಅದನ್ನು ಬಿಡಿಸಿಕೊಂಡು, ಕಾಲುಗಳನ್ನು ಪಾದದ ಹಲಗೆಗೆ ಎತ್ತಿಟ್ಟುಕೊಂಡು, ಉಸಿರು ಸರಿಮಾಡಿಕೊಳ್ಳಲು ಒಂದು ನಿಮಿಷ ಸುಮ್ಮನೆ ಕುಳಿತಳು. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಆರು ಸಲ ಎಂದಳು. ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದು ಅದನ್ನು ನಾಲ್ಕಕ್ಕೆ ಇಳಿಸುತ್ತಾಳಂತೆ, ಶೌಚಾಲಯ ಮನೆಯ ಹಿಂದಿದೆ.

ಈ ಮಾತು ಕೇಳಿದ ಮೇಲೆ ಮೋಟಾರಿನ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ. ಹಳೆಯ ಚೌಕಟ್ಟನ್ನು ಬಿಟ್ಟುಬಿಡುತ್ತೇನೆ. ಸೀಟು 45ರ ಒಳಗೆ, ಪಕ್ಕಕ್ಕೆ ಚಕ್ರ ಇರಬಾರದು, ಮಗುಚಬಾರದು: ಇವು ಮೂರೂ ಒಟ್ಟಿಗೆ ಬರುವ ಆಕಾರ ಯಾವುದು?

ಯಂತ್ರಶಾಸ್ತ್ರದ ಮೇಷ್ಟ್ರು, ಮೈಸೂರು

ಗಾಡಿಯನ್ನು ತಿರುವುಮುರುವು ಮಾಡಿ ನೋಡಿ: ಎರಡು ಚಕ್ರ ಮುಂದೆ, ಒಂದು ಹಿಂದೆ. ಮುಂಚಕ್ರಗಳು ಪಾದಗಳ ಅಕ್ಕಪಕ್ಕಕ್ಕೆ ಬರುತ್ತವೆ, ಹಿಂಚಕ್ರ ಬೆನ್ನಿನ ಹಿಂದೆ ಹೋಗುತ್ತದೆ, ಸೀಟಿನ ಎರಡೂ ಪಕ್ಕಗಳು ಖಾಲಿಯಾಗುತ್ತವೆ. ಸೀಟಿನ ಕೆಳಗೆ ಅಚ್ಚು ಹಾಯದೆ ಇರುವುದರಿಂದ ಅದನ್ನು ಎಷ್ಟು ಬೇಕೋ ಅಷ್ಟು ಇಳಿಸಬಹುದು. ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಹೋಗುವುದು ಪ್ರಕೃತಿ ನಿಯಮ, ಅದು ಹೋಗುವ ಕಡೆಯಲ್ಲಿ ಅಗಲವಾದ ಆಧಾರ ಇರುತ್ತದೆ. ತಾವು ಕೇಳಿದ ಮೂರೂ ಒಂದೇ ಆಕಾರದಲ್ಲಿ ಸಿಗುವುದು ಅಪರೂಪ, ಇಲ್ಲಿ ಸಿಗುತ್ತಿದೆ. ಭಾರಕೇಂದ್ರ ಮುಂದಿನ ಅಚ್ಚಿನ ಹತ್ತಿರ ಇರಬೇಕು ಎನ್ನುವುದೊಂದೇ ಷರತ್ತು. ಹಿಂದಕ್ಕೆ ಸರಿದರೆ ಮತ್ತೆ ಹಳೆಯ ಕಥೆಯೇ. ಬ್ಯಾಟರಿಯನ್ನು ತೊಡೆಯ ಕೆಳಗೆ, ಆದಷ್ಟು ತಗ್ಗಿನಲ್ಲಿ ಇಡಿ.

ಎಳೆತದ ಬಗ್ಗೆ: ತಮ್ಮ ನಾಲೆ ಏರಿ ಎಂಟು ಮೀಟರಿಗೆ ಒಂದು ಮೀಟರ್ ಏರುತ್ತದೆ ಎಂದು ಇಟ್ಟುಕೊಂಡು, ಒಟ್ಟು ಭಾರ 150 ಕೆ.ಜಿ. ಎಂದು ಹಿಡಿದರೆ, ಹತ್ತಲು ಬೇಕಾದ ಬಲ ಮಣ್ಣಿನ ಹಿಡಿತವೂ ಸೇರಿ 23 ಕೆ.ಜಿ. ತೂಕವನ್ನು ಎತ್ತಿ ಹಿಡಿಯುವಷ್ಟಾಗುತ್ತದೆ. 20 ಇಂಚಿನ ಚಕ್ರಕ್ಕೆ ಇದು 57 ನ್ಯೂಟನ್ ಮೀಟರ್ ತಿರುಚುಬಲ, 16 ಇಂಚಿಗೆ 46. ಗಂಟೆಗೆ 4 ಕಿ.ಮೀ. ವೇಗದಲ್ಲಿ ಹತ್ತಿದರೆ ಚಕ್ರದಲ್ಲಿ ಬೇಕಾಗುವ ಶಕ್ತಿ 250 ವ್ಯಾಟಿನಷ್ಟೇ. ಆದ್ದರಿಂದ ದೊಡ್ಡ ಮೋಟಾರು ಬೇಡ, ಗೇರಿನಿಂದ ವೇಗ ತಗ್ಗಿಸಿ ಬಲ ಹೆಚ್ಚಿಸಿಕೊಂಡ ಸಣ್ಣ ಮೋಟಾರು ಬೇಕು. ಗಾಣದ ಹಲ್ಲುಚಕ್ರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಒರಟು ನೆಲದ ಸಾಧನಗಳ ವಿಷಯದಲ್ಲಿ ನಾನು ಗೌರವದಿಂದ ನೆನೆಯುವ ಹೆಸರು ರಾಲ್ಫ್ ಹಾಚ್‌ಕಿಸ್ ಅವರದು. 1966ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲುಗಳ ಶಕ್ತಿ ಕಳೆದುಕೊಂಡ ಈ ಅಮೆರಿಕದ ಎಂಜಿನಿಯರ್, ಬಡ ದೇಶಗಳ ಸಣ್ಣ ವರ್ಕ್‌ಶಾಪುಗಳಲ್ಲಿ ಮಾಡಬಹುದಾದ, ಸೈಕಲ್ ಅಂಗಡಿಯ ಬಿಡಿಭಾಗಗಳಿಂದ ರಿಪೇರಿ ಮಾಡಬಹುದಾದ ಗಾಲಿಕುರ್ಚಿಗಳನ್ನು ರೂಪಿಸಿದರು. ಮುಂಗಾಲಿ ಅಗಲವಾಗಿರಬೇಕು, ಅಚ್ಚುಗಳ ನಡುವಿನ ಅಂತರ ಉದ್ದವಿರಬೇಕು ಎನ್ನುವ ಅವರ ಒರಟು ನೆಲದ ಕುರ್ಚಿಯ ಎರಡು ಲಕ್ಷಣಗಳು ತಮ್ಮ ಗಾಡಿಗೂ ಸಲ್ಲುತ್ತವೆ. ಪಾಂಡವಪುರದ ಸೈಕಲ್ ಶಾಪಿನಲ್ಲಿ ಸಿಗದ ಟೈರನ್ನು ದಯವಿಟ್ಟು ಹಾಕಬೇಡಿ.

ಗಾಲಿ ಗೆಳೆಯ, ಅಗ್ರಹಾರ

ಮೇಷ್ಟ್ರೇ, 16 ಇಂಚಿನ ಚಕ್ರದ ಬಗ್ಗೆ ನನ್ನ ಆಕ್ಷೇಪಣೆ ಇದೆ. ಚಿಕ್ಕ ಚಕ್ರ ಲೆಕ್ಕದಲ್ಲಿ ಬಲ ಉಳಿಸುತ್ತದೆ, ಚರಂಡಿ ಕಲ್ಲುಗಳ ಸಂದಿನಲ್ಲಿ ಮಾತ್ರ ಸಿಕ್ಕಿಹಾಕಿಕೊಳ್ಳುತ್ತದೆ. ಹಳ್ಳಿಯಲ್ಲಿ ಮನೆಗೂ ರಸ್ತೆಗೂ ನಡುವೆ ಇರುವುದು ಎರಡು ಕಲ್ಲು ಚಪ್ಪಡಿ ಹಾಕಿದ ಚರಂಡಿ. ಕನಿಷ್ಠ ಮುಂದಿನ ಎರಡಾದರೂ 20 ಇಂಚು ಇರಲಿ, ಟೈರು ದಪ್ಪವಿರಲಿ.

ಬ್ರೇಕ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಓಡುವಾಗ ನಿಲ್ಲಿಸುವ ಬ್ರೇಕ್ ಬೇರೆ, ನಿಂತಾಗ ಕದಲದಂತೆ ಹಿಡಿಯುವ ಬ್ರೇಕ್ ಬೇರೆ. ಎರಡು ಬೆರಳು ಉರುಳುವ ಚಕ್ರವನ್ನು ಹಿಡಿದು ಹತ್ತುವುದನ್ನು ತಾವು ಬರೆದಿದ್ದೀರಿ. ಕುರ್ಚಿ ಹಾಗೆ ಹಿಂದೆ ಸರಿದು ನಾನು ಬಚ್ಚಲಲ್ಲಿ ಬಿದ್ದು, ಯಾರಾದರೂ ಬರುವವರೆಗೆ ಒದ್ದೆ ನೆಲದಲ್ಲಿ ಮಲಗಿದ್ದ ದಿನ ಇನ್ನೂ ನೆನಪಿದೆ. ಎರಡೂ ಮುಂಚಕ್ರಗಳನ್ನು ಒಂದೇ ಸನ್ನೆಯಿಂದ ಕಚ್ಚಿ ಹಿಡಿಯುವ ವ್ಯವಸ್ಥೆ ಇರಲಿ, ಆ ಸನ್ನೆ ಹತ್ತುವ ಮೊದಲೇ ನೆಲದಲ್ಲಿ ಕುಳಿತವರ ಕೈಗೆ ಎಟುಕಲಿ. ಹಾಗೆಯೇ ರಿವರ್ಸ್ ಬೇಕೇ ಬೇಕು. ಕಾಲು ಊರಿ ಹಿಂದಕ್ಕೆ ತಳ್ಳಲಾಗದವರು ಒಮ್ಮೆ ಓಣಿಯ ಕೊನೆಗೆ ಹೋಗಿ ಸಿಕ್ಕಿಕೊಂಡರೆ ಯಾರನ್ನಾದರೂ ಕರೆಯುವುದೊಂದೇ ದಾರಿ.

ಪುನರ್ವಸತಿ ಕಾರ್ಯಕರ್ತೆ, ಪಾಂಡವಪುರ ತಾಲ್ಲೂಕು

ಕಾನೂನಿನ ಬಗ್ಗೆ ಸಂಕ್ಷೇಪವಾಗಿ. ಬ್ಯಾಟರಿ ಗಾಡಿಯ ಮೋಟಾರು ಮೂವತ್ತು ನಿಮಿಷ ಸತತವಾಗಿ ಕೊಡುವ ಶಕ್ತಿ 250 ವ್ಯಾಟಿಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರದಂತೆ ಇದ್ದು, ಉಳಿದ ಷರತ್ತುಗಳೊಂದಿಗೆ ಇದನ್ನು ಅಧಿಕೃತ ಪರೀಕ್ಷಾ ಸಂಸ್ಥೆ ದೃಢಪಡಿಸಿದರೆ ಕೇಂದ್ರದ ನಿಯಮಗಳು ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದನ್ನು ಮೀರಿದರೆ ನೋಂದಣಿಯ ಪ್ರಶ್ನೆ ಬರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಮೊದಲು, ಅಂಗವಿಕಲರಿಗೆಂದೇ ಮೂಲದಿಂದ ಕಟ್ಟಿದ ಗಾಡಿಗೆ ಮಾತ್ರ ಪ್ರತ್ಯೇಕ ವ್ಯಾಖ್ಯಾನವಿತ್ತು, ಮಾರ್ಪಡಿಸಿದ ಗಾಡಿ ಅದರಲ್ಲಿ ಸೇರುತ್ತಿರಲಿಲ್ಲ. 2019ರ ತಿದ್ದುಪಡಿಯಲ್ಲಿ ಆ ಹಳೆಯ ವ್ಯಾಖ್ಯಾನವನ್ನು ತೆಗೆದು, ಮಾರ್ಪಾಡು ಮಾಡಿದ ವಾಹನವನ್ನೂ ಒಳಗೊಳ್ಳುವ ವ್ಯಾಖ್ಯಾನ ತಂದಿದ್ದಾರೆ. ಏನೇ ಇರಲಿ, ಪೈಪು ಕತ್ತರಿಸುವ ಮೊದಲು ಆರ್.ಟಿ.ಒ. ಕಚೇರಿಯಲ್ಲಿ ನಕ್ಷೆ ತೋರಿಸಿ ಕೇಳಿ.

ಅಕ್ಕನವರ ಯು.ಡಿ.ಐ.ಡಿ. ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇದೆಯೇ? ಅಂಗವಿಕಲರ ಸಾಧನಗಳನ್ನು ತಯಾರಿಸುವ ಕಾನ್ಪುರದ ಅಲಿಂಕೋ ಸಂಸ್ಥೆಯ ಮೋಟಾರು ತ್ರಿಚಕ್ರ ಗಾಡಿಗೆ, ಅಂಥ ಸಾಧನಗಳಿಗೆ ನೆರವು ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಅರ್ಜಿ ಹಾಕಬಹುದು. ತಾವು ಮಾಡುವ ಗಾಡಿ ಸಿದ್ಧವಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಕಾಗದ ಪತ್ರದ ಕೆಲಸಕ್ಕೆ ನಾನೇ ಮನೆಗೆ ಬರುತ್ತೇನೆ.

ಅಂಗಡಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ವಿಷಯವಾಗಿ ಇಷ್ಟು ಜನ ಯೋಚಿಸಿ ಬರೆದಿರುವುದನ್ನು ನನ್ನ ತಮ್ಮ ಫೋನಿನಲ್ಲಿ ತೋರಿಸಿದ. ಎಲ್ಲವನ್ನೂ ಓದಿದ ಮೇಲೆ ನಾನೂ ಬರೆಯಬೇಕು ಅನ್ನಿಸಿತು, ಕೂರುವವಳು ನಾನು ತಾನೆ.

ಮುಂದೆ ಎರಡು ಚಕ್ರ ಎನ್ನುವುದು ನನಗೆ ಬಹಳ ಹಿಡಿಸಿತು, ಅದಕ್ಕೆ ನನ್ನದೇ ಕಾರಣವಿದೆ. ಮೂವತ್ತು ವರ್ಷದಿಂದ ಗಾಡಿಯ ಅಗಲವಾದ ಭಾಗ ನನ್ನ ಬೆನ್ನ ಹಿಂದೆಯೇ ಇದೆ. ಮುಂಚಕ್ರ ಚಪ್ಪಡಿ ದಾಟಿತು ಎಂದು ನಾನು ತಿಳಿದುಕೊಂಡಾಗ ಹಿಂಚಕ್ರ ಚರಂಡಿಗೆ ಇಳಿದಿರುತ್ತದೆ. ಅಗಲ ಕಣ್ಣ ಮುಂದಿದ್ದರೆ, ಅದು ನುಗ್ಗಿದ ಜಾಗದಲ್ಲಿ ನಾನು ನುಗ್ಗುತ್ತೇನೆ.

ವೇಗ ನನಗೆ ಬೇಡ. ಹಾಲಿನ ಡೈರಿಗೆ ಹೋಗುವ ಹೆಂಗಸರ ಜೊತೆ ಮಾತಾಡಿಕೊಂಡು ಹೋಗುವಷ್ಟು ಓಡಿದರೆ ಸಾಕು. ಹಿಂದೆ ಬರಲು ರಿವರ್ಸ್ ಬೇಕು, ಅಗ್ರಹಾರದ ಅಣ್ಣ ಸರಿಯಾಗಿ ಹೇಳಿದ್ದಾರೆ. ಬ್ಯಾಟರಿಯನ್ನು ಬಿಚ್ಚಿ ಒಳಗೆ ತಂದು ಚಾರ್ಜ್ ಹಾಕು ಎಂದರೆ ನನ್ನಿಂದ ಆಗದು, ಅದು ಹಿಟ್ಟಿನ ಮೂಟೆಯಷ್ಟು ಭಾರ. ಗಾಡಿ ನಿಂತಲ್ಲಿಗೇ ವೈರು ಬರಲಿ, ಸಿಕ್ಕಿಸುವ ಜಾಗ ನನ್ನ ಕೈಗೆ ಎಟುಕಲಿ.

ಕೈಹಿಡಿಯನ್ನು ಪೂರ್ತಿ ತೆಗೆಯುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ತಮ್ಮ ಹೋದ ಸಲ ಕೇಳದೆ ತೆಗೆದುಬಿಟ್ಟ. ಒಂದು ಸಂಜೆ ಗದ್ದೆ ಬಯಲಿನ ನಡುವೆ ಚಾರ್ಜ್ ಮುಗಿದು, ಕತ್ತಲಾಗುವವರೆಗೆ ಯಾರಾದರೂ ಬಂದಾರೆಂದು ಕಾದು ಕುಳಿತಿದ್ದೆ. ಇದನ್ನು ಅವನಿಗೆ ಹೇಳಿರಲಿಲ್ಲ. ಬಲಭುಜ ಹೋಗಿದ್ದರೂ ಎಡಗೈ ಇದೆ. ನೂರು ಗಜ ತಳ್ಳಿಕೊಂಡು ಮನೆಗಳಿರುವ ಕಡೆಗೆ ಬರುವಷ್ಟಾದರೂ ನನ್ನ ಕೈಯಲ್ಲಿ ಇರಬೇಕು.

ಫಿಸಿಯೋಥೆರಪಿಸ್ಟ್, ಸರಸ್ವತಿಪುರಂ

ಅಕ್ಕ, ತಾವು ಕೇಳಿದ್ದು ನ್ಯಾಯವಾಗಿದೆ. ತಿರುಗಿಸುವ ಹಿಡಿಯ ಬದಲು ಮುಂದಕ್ಕೆ ತಳ್ಳುವ ಸನ್ನೆಗೋಲನ್ನೂ ಯೋಚಿಸಬಹುದು. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡು ಭಾರತದಲ್ಲಿಯೂ ಬಳಸಿ ನೋಡಿದ ಒಂದು ಗಾಲಿಕುರ್ಚಿಯಲ್ಲಿ ಇಂಥ ಸನ್ನೆಗೋಲುಗಳಿವೆ. ಕೋಲಿನ ತುದಿಯಲ್ಲಿ ಹಿಡಿದರೆ ಏರು ಹತ್ತುವ ಬಲ, ಬುಡದ ಹತ್ತಿರ ಹಿಡಿದರೆ ವೇಗ, ಬೇರೆ ಗೇರೇ ಇಲ್ಲ. ಎಡಗೈಗೆ ಅಂಥದೊಂದನ್ನು ಸೇರಿಸಬಹುದೇ ಎಂದು ತಮ್ಮನವರು ಮೇಷ್ಟ್ರ ಜೊತೆ ನೋಡಲಿ. ಇನ್ನೊಂದು ಮಾತು: ಪೋಲಿಯೋದಲ್ಲಿ ಚರ್ಮದ ಸ್ಪರ್ಶ ಉಳಿದಿರುತ್ತದೆ, ಆದ್ದರಿಂದ ಎಲ್ಲಿ ಒತ್ತುತ್ತದೆ ಎನ್ನುವುದು ತಮಗೆ ತಿಳಿಯುತ್ತದೆ. ಒತ್ತಿದ ಜಾಗವನ್ನು ಸಂಕೋಚವಿಲ್ಲದೆ ಹೇಳಿ. ಬೆನ್ನುಹುರಿಯ ಪೆಟ್ಟಿನವರಿಗೆ ಆ ನೋವು ತಿಳಿಯದೆ ಹುಣ್ಣಾಗಿಬಿಡುತ್ತದೆ, ಅದಕ್ಕಾಗಿಯೇ ಅವರ ಮೆತ್ತೆಯ ಲೆಕ್ಕ ಬೇರೆ.

ಲೇತ್ ಮನೆ, ಮಂಡ್ಯ

ಗದ್ದೆ ಬಯಲಿನ ವಿಷಯ ನನಗೆ ಇಲ್ಲಿ ಓದಿಯೇ ತಿಳಿದದ್ದು. ಅಕ್ಕ, ಕೈಯಿಂದ ನಡೆಸುವ ವ್ಯವಸ್ಥೆ ಇರುತ್ತದೆ, ನಿನ್ನನ್ನು ಕೇಳದೆ ಇನ್ನು ಮುಂದೆ ಒಂದು ನಟ್ಟನ್ನೂ ಬಿಚ್ಚುವುದಿಲ್ಲ.

ಕಬ್ಬಿಣಕ್ಕೆ ಕೈ ಹಾಕುವ ಮೊದಲು ಹಲಗೆಯಲ್ಲಿ ಒಂದು ಅಳತೆಯ ಮಾದರಿ ಮಾಡಿದೆ. ಚಕ್ರವಿಲ್ಲ, ಮೋಟಾರಿಲ್ಲ, ಬರೀ ಒಂದು ಸೀಟು ಮತ್ತು ಒಂದು ಮೆಟ್ಟಿಲು. ಎರಡನ್ನೂ ಎರಡೆರಡು ಸೆಂ.ಮೀ. ಏರಿಸಿ ಇಳಿಸಲು ತೂತುಗಳಿವೆ. ಮೂರು ದಿನ ಜಗುಲಿಯ ಪಕ್ಕದಲ್ಲಿಟ್ಟು ಬಂದೆ. ಮೊದಲ ದಿನ ಅಕ್ಕ ಸೀಟನ್ನು 44ಕ್ಕೆ, ಮೆಟ್ಟಿಲನ್ನು 22ಕ್ಕೆ ಇಟ್ಟುಕೊಂಡಿದ್ದಳು. ಮೂರನೆಯ ದಿನ ಹೋದಾಗ ಸೀಟು 40ಕ್ಕೆ ಇಳಿದಿತ್ತು, ಜಗುಲಿಯ ಮಟ್ಟಕ್ಕೆ ಸರಿಯಾಗಿ. ಜಗುಲಿಯಿಂದ ಹೋಗುವಾಗ ಎತ್ತುವ ಮಾತೇ ಇಲ್ಲ, ಸರಿಯುವುದಷ್ಟೇ. ಅಂಗಳದಿಂದ ಹತ್ತುವಾಗ ಮಾತ್ರ ಮೆಟ್ಟಿಲು, ಅದನ್ನು 18ಕ್ಕೆ ಇಟ್ಟಿದ್ದಾಳೆ. ಮೆಟ್ಟಿಲಿನ ಅಂಚಿಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ತಾನೇ ಮೊಳೆ ಹೊಡೆದು ಕೂರಿಸಿಕೊಂಡಿದ್ದಾಳೆ, ಅಂಗೈ ಜಾರಬಾರದು ಎಂದು.

ಮೇಷ್ಟ್ರೇ, ಸೀಟು 40 ಎಂದರೆ ಭಾರಕೇಂದ್ರ ಎಷ್ಟಕ್ಕೆ ಬರುತ್ತದೆ, ಮುಂಚಕ್ರಗಳ ನಡುವೆ 72 ಸೆಂ.ಮೀ. ಸಾಕಾಗುತ್ತದೆಯೇ? ನಮ್ಮ ಹಿತ್ತಿಲ ಬಾಗಿಲು 80 ಇದೆ, ಗಾಡಿ ಶೌಚಾಲಯದವರೆಗೆ ಹೋಗಲೇಬೇಕು. ಬರುವ ಗುರುವಾರ ಆರ್.ಟಿ.ಒ. ಕಚೇರಿಗೆ ನಕ್ಷೆ ತೆಗೆದುಕೊಂಡು ಹೋಗುತ್ತಿದ್ದೇನೆ. ಅದರೊಳಗೆ ಈ ಒಂದು ಅಳತೆ ಖಚಿತವಾದರೆ ಪೈಪು ಕತ್ತರಿಸಲು ಶುರು ಮಾಡುತ್ತೇನೆ.